ಕುಂಬಳಕಾಯಿಯ ಕೆಳಗಿದ್ದ ಡಬ್ಬಿ

ಇವತ್ತು ಬೆಳಿಗ್ಗೆ ನಮ್ಮ ಅತ್ತಿಗೆ ಸೊಪ್ಪಿನ ಗಾಡಿಯವನ ಜೊತೆ ಜಗಳವಾಡಿದಳು. ಸಣ್ಣ ಜಗಳವಲ್ಲ. ದಂಟಿನ ಸೊಪ್ಪಿನ ಕಂತೆ ಬಿಚ್ಚಿ, ಒಳಗಿದ್ದ ಬಾಡಿದ ಎಲೆಗಳನ್ನು ಒಂದೊಂದಾಗಿ ಅವನ ಮುಖದ ಮುಂದೆ ಹಿಡಿದು, "ಇದೇನಪ್ಪಾ, ಮೇಲ್ಗಡೆ ಮದ್ವೆ ಹೆಣ್ಣು, ಒಳಗಡೆ ಮುತ್ತಜ್ಜಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ನಾನು ನಗಲು ಹೋಗಿ, ನೊರೆಯೆಲ್ಲ ಮೂಗಿಗೇರಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಈಗೀಗ ನನಗೆ ಹೀಗೇ. ಅತ್ತಿಗೆ ಗಟ್ಟಿಯಾಗಿ ಒಂದು ಮಾತಾಡಿದರೆ ಸಾಕು, ಸಂತೋಷ ಹಾಲಿನಂತೆ ಉಕ್ಕುತ್ತದೆ. ಅದರ ಬೆನ್ನಿಗೇ, ಅವಳು ನಡುಮನೆಯಲ್ಲಿ ಕುಸಿದು ಬಿದ್ದ ಆ ಮಧ್ಯಾಹ್ನ ಕಣ್ಣ ಮುಂದೆ ಮೊದಲಿನಿಂದ ಶುರುವಾಗುತ್ತದೆ.

ಅವಳು ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರಿಗಾಗಿ ಅಷ್ಟೇ ಅಲ್ಲ, ಬರೆಯುವಾಗ ನನಗೂ ಆಗಾಗ ಹೇಳಿಕೊಳ್ಳಬೇಕಾಗುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಅಣ್ಣನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನ ಶೆಡ್ಡಿನಲ್ಲಿ ಮಗ್ಗ ಶುರುವಾದರೆ ನನ್ನ ಅಡುಗೆಮನೆಯ ಲೋಟಗಳು ಕುಣಿಯುತ್ತವೆ. ಅತ್ತಿಗೆ ನಂದಗುಡಿ ಕಡೆಯವಳು, ನನ್ನದೇ ವಯಸ್ಸು, ಅದಕ್ಕೇ ಸಲುಗೆಯಿಂದ ಬರೆಯುತ್ತಿದ್ದೇನೆ. ನಾನು ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಔಷಧ ಕಂಪನಿಗಳಿಗೆಲ್ಲ ಅರ್ಜಿ ಹಾಕಿಕೊಂಡು ಕೂತಿದ್ದ ಕಾಲದಲ್ಲಿ ಒಬ್ಬ ವೈದ್ಯೆ ನಮ್ಮೂರಿಗೆ ಬಂದರು. ರೋಗಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಸಂಶೋಧನೆ ಮಾಡುವವರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ, ತಲೆಯೊಳಗಿರುವ ಪಿಟ್ಯುಟರಿ ಗ್ರಂಥಿ, ಇವೆರಡು ಸರಿಯಾಗಿ ಕೆಲಸ ಮಾಡದಿದ್ದರೆ ಮನುಷ್ಯರಿಗೆ ಏನೇನಾಗುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. ನಮ್ಮ ಕಡೆಯ ಹೆಂಗಸರ ರಕ್ತ ಪರೀಕ್ಷಿಸಲು ಅವರಿಗೆ ಬೀದಿ ಬೀದಿ ಗೊತ್ತಿರುವ ಒಬ್ಬ ಹುಡುಗಿ ಬೇಕಾಗಿದ್ದಳು.

ಸಂದರ್ಶನವೆಂದರೆ ಇಷ್ಟೇ. ಒಳಗೆ ಹೋದೆ. ನಮಸ್ಕಾರಕ್ಕೆ ಕೈ ಜೋಡಿಸುವ ಮುಂಚೆಯೇ ಅವರು ನನ್ನ ಬಲಗೈ ಹಿಡಿದುಕೊಂಡು ಬಿಡಲೇ ಇಲ್ಲ. ಇನ್ನೊಂದು ಕೈಯಿಂದ ನೀರಿನ ಲೋಟ ಕೊಟ್ಟು, "ಒಂದು ಗುಟುಕು ನುಂಗು" ಎಂದರು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದೆ, ಪೂರ್ತಿ ಲೋಟ ಖಾಲಿ ಮಾಡಿದೆ.

"ಒಂದು ಗುಟುಕು ಅಂದೆ."

"ಬಾಯಾರಿತ್ತು ಮೇಡಮ್."

ಅವರು ನಗುತ್ತಾ ನನ್ನ ಕತ್ತನ್ನೇ ನೋಡುತ್ತಿದ್ದರು. ನುಂಗುವಾಗ ಥೈರಾಯ್ಡ್ ಗ್ರಂಥಿ ಮೇಲಕ್ಕೂ ಕೆಳಕ್ಕೂ ಆಡುತ್ತದಂತೆ, ಊದಿದ್ದರೆ ಆಗ ಕಣ್ಣಿಗೆ ಬೀಳುತ್ತದಂತೆ. ನನ್ನದು ಊದಿರಲಿಲ್ಲ. ಕೆಲಸ ಸಿಕ್ಕಿತು.

ಆ ಕೈ ಹಿಡಿಯುವ ಅಭ್ಯಾಸ ಅವರಿಗೆ ಯಾವತ್ತೂ ಹೋಗಲಿಲ್ಲ. ಅಂಗೈ ಬಿಸಿಯಾಗಿ ಒದ್ದೆಯಾಗಿದ್ದರೆ ಗ್ರಂಥಿ ಮಿತಿ ಮೀರಿ ದುಡಿಯುತ್ತಿರಬಹುದು, ತಣ್ಣಗೆ ಒರಟಾಗಿದ್ದರೆ ಸೋಮಾರಿಯಾಗಿರಬಹುದು. ಹಾಗಾಗಿ ಅವರು ಹಾಲಿನವನ ಕೈ ಹಿಡಿದರು, ಪಂಚಾಯಿತಿ ಸದಸ್ಯರ ಕೈ ಹಿಡಿದರು, ನಮ್ಮ ನೆಂಟರ ಮನೆ ಮದುವೆಯಲ್ಲಿ ಆರತಕ್ಷತೆಯ ವೇದಿಕೆ ಹತ್ತಿ ಗಂಡಿನ ಕೈ ಬಿಟ್ಟು ಹೆಣ್ಣಿನ ಕೈಯನ್ನೇ ಹಿಡಿದು ನಿಂತು ಹಿಂದಿನ ಸಾಲನ್ನೆಲ್ಲ ಕಾಯಿಸಿದರು. ಫೋಟೊ ತೆಗೆಯುವವನು, "ಮೇಡಮ್, ಕೈ ಬಿಡಿ, ಕ್ಯಾಮೆರಾ ನೋಡಿ" ಎಂದು ಗೋಗರೆಯುತ್ತಿದ್ದ. ಅವರು ಹೆಣ್ಣಿನ ಕತ್ತು ನೋಡುತ್ತಿದ್ದರು.

ಸಂಶೋಧನೆ ಎಂದರೆ ಏನೋ ಗಂಭೀರವಾದದ್ದು, ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡಿದ್ದ ನನಗೆ ಆ ವರ್ಷಗಳು ಒಂದು ಉದ್ದನೆಯ ಪಿಕ್‌ನಿಕ್ ಹಾಗೆ ಕಳೆದವು. ಬೆಳಗಿನ ಮಂಜಿನಲ್ಲಿ ಐಸ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ಅವರ ಹಳೇ ಕಾರಿನಲ್ಲಿ ಹೊರಡುವುದು, ಖಾಲಿ ಹೊಟ್ಟೆಯಲ್ಲಿ ಬಂದ ಹೆಂಗಸರ ರಕ್ತ ತೆಗೆಯುವುದು, ಆಮೇಲೆ ಯಾರದಾದರೂ ಮನೆಯಲ್ಲಿ ಬಿಸಿ ಬಿಸಿ ಅಕ್ಕಿರೊಟ್ಟಿ. ಥೈರಾಯ್ಡ್ ತೊಂದರೆಯಿದ್ದರೆ ದನಿ ಒಡೆಯುತ್ತದೆ ಎಂದು ಮೇಡಮ್ ಮೊದಮೊದಲು ಎಲ್ಲರ ದನಿಯನ್ನೂ ಕಿವಿಗೊಟ್ಟು ಕೇಳುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ನಮ್ಮೂರಲ್ಲಿ ದನಿ ಒಡೆಯದವರೇ ಇಲ್ಲ! ಒಂದು ವಾರ ತಲೆ ಕೆಡಿಸಿಕೊಂಡು, "ನಿಮ್ಮೂರಿನವರೆಲ್ಲ ಸೇರಿ ನನ್ನ ಒಂದು ಲಕ್ಷಣ ಹಾಳು ಮಾಡಿದಿರಿ" ಎಂದು ಆ ಪ್ರಶ್ನೆಯನ್ನೇ ಕೈಬಿಟ್ಟರು. ಶೆಡ್ಡಿನೊಳಗೆ ನಮ್ಮವರು ಮಾತಿಲ್ಲದೆ ಬರೀ ಕೈಸನ್ನೆಯಲ್ಲಿ ವ್ಯವಹರಿಸುವುದನ್ನು ನೋಡಿ ಅದನ್ನೂ ಕಲಿತರು. ಕೊನೆಗೆ ಓಡುವ ಮಗ್ಗದ ಮುಂದೆ ನಿಂತೇ ಸನ್ನೆಯಲ್ಲಿ, ನಿದ್ದೆ ಬರುತ್ತಾ, ಮೈ ಊದಿದೆಯಾ, ಮಲಬದ್ಧತೆ ಇದೆಯಾ ಎಂದು ಕೇಳುತ್ತಿದ್ದರು. ಆ ಕೊನೆಯ ಸನ್ನೆಗೆ ಇಡೀ ಶೆಡ್ಡು ಮಗ್ಗ ನಿಲ್ಲಿಸಿ ನಗುತ್ತಿತ್ತು.

ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬನ ಹಿಂದೆ ಬಿದ್ದರು. ಆಳೆತ್ತರ, ಅಗಲ ದವಡೆ, ಬಾಳೆಗೊನೆಯಂಥ ಬೆರಳುಗಳು. ಅವನು ವೇಗ ಹೆಚ್ಚಿಸಿದ, ಇವರೂ ಹೆಚ್ಚಿಸಿದರು. ಟೀ ಅಂಗಡಿಯ ಹತ್ತಿರ ಅಡ್ಡಗಟ್ಟಿ, "ನಿಮ್ಮ ಚಪ್ಪಲಿ ಅಳತೆ ಈಚೀಚೆಗೆ ದೊಡ್ಡದಾಗಿದೆಯಾ?" ಎಂದು ಕೇಳಿದರು.

"ಯಾಕ್ ಮೇಡಮ್, ಚಪ್ಪಲಿ ಕೊಡಿಸ್ತೀರಾ?"

"ಬೆರಳಿನ ಉಂಗುರ?"

ಅವನು ನಿಧಾನವಾಗಿ ತನ್ನ ಬೆರಳು ನೋಡಿಕೊಂಡ. ಉಂಗುರ ಕತ್ತರಿಸಿ ತೆಗೆಸಿದ್ದನಂತೆ. ಅವನ ಪಿಟ್ಯುಟರಿಯಲ್ಲಿ ಗೆಡ್ಡೆಯಿತ್ತು. ಶಸ್ತ್ರಚಿಕಿತ್ಸೆಯಾಗಿ ಚೆನ್ನಾಗಿದ್ದಾನೆ. ದೇವನಹಳ್ಳಿ ಕಡೆಯವನು, ಕಾಲಕಾಲಕ್ಕೆ ಚಕ್ಕೋತ ತಂದುಕೊಡುತ್ತಾನೆ.

ಪಿಟ್ಯುಟರಿ ಎಂದರೇನು ಎಂದು ಮೇಡಮ್ ನಮ್ಮವರಿಗೆ ಮಗ್ಗದ ಭಾಷೆಯಲ್ಲೇ ಹೇಳುತ್ತಿದ್ದರು. ತಲೆಯೊಳಗೆ, ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ದೊಡ್ಡ ಒಬ್ಬ ಮೇಸ್ತ್ರಿ ಕೂತಿದ್ದಾನೆ. ಕತ್ತಿನ ಗ್ರಂಥಿ, ಮೂತ್ರಪಿಂಡದ ಮೇಲಿನ ಗ್ರಂಥಿ, ಗರ್ಭಕೋಶದ ಪಕ್ಕದ ಗ್ರಂಥಿ, ಎಲ್ಲವೂ ಮಗ್ಗಗಳು. ಅವನು ಕೂಗಿ ಹೇಳಿದರೆ ಓಡುತ್ತವೆ, ಅವನು ಸುಮ್ಮನಾದರೆ ಒಂದೊಂದಾಗಿ ನಿಲ್ಲುತ್ತವೆ. ಅವರ ಕೈಚೀಲದಲ್ಲಿ ಸದಾ ಒಂದು ಪುಟ್ಟ ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರಲ್ಲಿ ಒಂದು ಸೀಸೆ ಔಷಧ, ಒಂದು ಸಿರಿಂಜು. ಮೇಸ್ತ್ರಿ ಪೂರ್ತಿ ಕೈಕೊಟ್ಟು, ಒತ್ತಡ ತಡೆಯುವ ಹಾರ್ಮೋನು ಮೈಯಲ್ಲಿ ಬರಿದಾದಾಗ ಕೊಡಬೇಕಾದ ಸ್ಟೆರಾಯ್ಡ್ ಅದು. ಅವಧಿ ಮುಗಿದಾಗೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದರು. ಆ ಡಬ್ಬಿಯನ್ನು ಅವರು ತೆರೆದು ಬಳಸಿದ್ದನ್ನು ನಾನು ನೋಡಿರಲಿಲ್ಲ.

"ಅದ್ರಲ್ಲಿ ಏನ್ ಮೇಡಮ್ಮೋರೆ, ಯಜಮಾನ್ರ ಫೋಟೊನಾ?" ಎಂದು ಎದುರುಮನೆ ಅಕ್ಕ ರೇಗಿಸುತ್ತಿದ್ದಳು.

"ಅವರಿಗಿಂತ ಉಪಯೋಗಕ್ಕೆ ಬರೋದು" ಎನ್ನುತ್ತಿದ್ದರು ಮೇಡಮ್.

ಈ ಎದುರುಮನೆ ಅಕ್ಕನ ಬಗ್ಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಥೈರಾಯ್ಡ್ ತೊಂದರೆ ಮೊದಲು ಪತ್ತೆಯಾದದ್ದು ಅವಳಿಗೆ. ಆ ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಿ, ಸ್ವಲ್ಪ ಹೊತ್ತು ಕಾಫಿಯನ್ನೂ ಮುಟ್ಟಬಾರದು. ಕಾಫಿಯಿಲ್ಲದ ಹೊತ್ತನ್ನು ಹೇಗೆ ಕಳೆಯುವುದು? ಅಕ್ಕ ಬಂದು ಜಗಲಿಯ ಮೇಲೆ ಕೂತಳು. ಆಮೇಲೆ ಪತ್ತೆಯಾದವರೆಲ್ಲ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ದಿನಾ ಬೆಳಿಗ್ಗೆ ಅಲ್ಲಿ ಊರಿನ ಸುದ್ದಿ, ಧಾರಾವಾಹಿಯ ಸುದ್ದಿ, ಸೊಸೆಯರ ಸುದ್ದಿ, ನಗು. ಥೈರಾಯ್ಡ್ ಇಲ್ಲದವರಿಗೆ ಹೊಟ್ಟೆಯುರಿ. "ನಮ್ಮನೇಲಿ ಯಾರಿಗೂ ಇಲ್ವಲ್ಲ ಮೇಡಮ್, ಇನ್ನೊಂದ್ಸಲ ನೋಡಿ" ಎಂದು ನಿಜವಾಗಿಯೂ ಬಂದು ಕೇಳಿದವರಿದ್ದಾರೆ. ಮೊಸರಿಗೆ ಹೆಪ್ಪು ಬೇಕಾದರೆ ಬಟ್ಟಲು ಹಿಡಿದು ಬರುವ ಬೀದಿ ನಮ್ಮದು. ಮಾತ್ರೆ ಮುಗಿದರೂ ಹಾಗೇ ಕೈಯೊಡ್ಡಿ ಬರುತ್ತಿದ್ದರು. ಮೇಡಮ್ ಬೈದರು, ಬೆದರಿಸಿದರು. ಎಲ್ಲರೂ ತಲೆಯಾಡಿಸಿ, ಅವರು ಹೋದಮೇಲೆ ಹಂಚಿಕೊಂಡರು.

ಅತ್ತಿಗೆಯೂ ಆ ಜಗಲಿಗೆ ಹೋಗಿ ಕೂರುತ್ತಿದ್ದಳು, ಸ್ವೆಟರ್ ಹಾಕಿಕೊಂಡು. ಯುಗಾದಿಯ ಬಿಸಿಲಿನಲ್ಲೂ ಸ್ವೆಟರ್. ಮಾತು ಕಡಿಮೆ, ನಡಿಗೆ ನಿಧಾನ, ಮುಖ ಬಿಳಿಚಿದ ಮೇಣದಂತೆ. ಎರಡನೆಯ ಹೆರಿಗೆ ಆದಾಗಿನಿಂದ ಹಾಗೇ. ಆ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು, ಮುಂದಕ್ಕೆ ಮಾತು ಬೆಳೆಸುತ್ತಿರಲಿಲ್ಲ. ನಾನು ಆಗ ಕಾಲೇಜಿನ ಹಾಸ್ಟೆಲಿನಲ್ಲಿದ್ದೆ. ಅವಳು ಬಾಣಂತನ ಮುಗಿಸಿ ಬಂದಾಗ, ಬಾಣಂತಿ ಅಂದಮೇಲೆ ಬಳಲಿಕೆ ಇದ್ದೇ ಇರುತ್ತದೆ ಎಂದರು. ಆ ಬಳಲಿಕೆ ಹೋಗಲೇ ಇಲ್ಲ, ಅದು ಅವಳ ಸ್ವಭಾವವಾಗಿಹೋಯಿತು. ನಾವು 'ನಮ್ಮ ಅತ್ತಿಗೆ ಬಲು ಸಾಧು' ಎಂದು ಹೊಗಳುತ್ತಿದ್ದೆವು.

ರಕ್ತ ಕೊಡಲು ಮಾತ್ರ ಅವಳು ಒಪ್ಪಲೇ ಇಲ್ಲ. ಮೇಡಮ್ ಕಾರಿನ ಸದ್ದಾದರೆ ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. "ಒಂದೇ ಒಂದು ಸಣ್ಣ ಕೊಳವೆ ಅತ್ತಿಗೆ" ಎಂದು ನಾನು ಗೋಗರೆದರೆ, "ನನ್ನತ್ರ ಉಳ್ದಿರೋದೇ ಸ್ವಲ್ಪ ಕಣೇ. ಅದ್ನೂ ಕೇಳ್ಬೇಡ" ಎನ್ನುತ್ತಿದ್ದಳು. ಒಪ್ಪದವರನ್ನು ಒತ್ತಾಯಿಸುವಂತಿಲ್ಲ, ಅದು ಸಂಶೋಧನೆಯ ನಿಯಮ. ಬೀದಿಯ ಎಲ್ಲ ಹೆಂಗಸರ ಕೈ ಹಿಡಿದಿದ್ದ ಮೇಡಮ್ ಅವಳ ಕೈಯನ್ನು ಒಮ್ಮೆಯೂ ಹಿಡಿದಿರಲಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಮೇಡಮ್ ನಿವೃತ್ತರಾದರು. ಬೀದಿಯವರೆಲ್ಲ ಸೇರಿ ಅಣ್ಣನ ಮನೆಯಲ್ಲಿ ಊಟಕ್ಕೆ ಕರೆದೆವು. ಹಿತಕಿದ ಬೇಳೆ ಸಾರು, ಮುದ್ದೆ, ಪಾಯಸ, ಅಣ್ಣನ ಮಗ್ಗದಲ್ಲೇ ನೇಯ್ದ ಒಂದು ರೇಷ್ಮೆ ಸೀರೆ. ಮೇಡಮ್ ಬೆಳ್ಳಗಿನ ಹತ್ತಿ ಸೀರೆ ಉಟ್ಟು ಬಂದರು. ಅವರು ಕಾರಿಳಿದು ಕೈಚೀಲ ಹಿಂದಿನ ಸೀಟಿನಲ್ಲಿ ಬಿಟ್ಟು ಒಳಗೆ ಬಂದದ್ದೇ ತಡ, ಬೀದಿಯವರು ಕಾರಿಗೆ ಮುತ್ತಿಗೆ ಹಾಕಿದರು. ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ಒಬ್ಬರು ಅವರೆಕಾಯಿ ಮೂಟೆ, ಒಬ್ಬರು ರಾಗಿ, ಒಬ್ಬರು ಬಾಳೆಗೊನೆ, ಚಕ್ಕೋತದವನ ಚಕ್ಕೋತ, ಎಲ್ಲದರ ಮೇಲೆ ಕಿರೀಟದಂತೆ ಎದುರುಮನೆ ಅಕ್ಕನ ಸೀಮೆಗೆಲ್ಲ ದೊಡ್ಡ ಕುಂಬಳಕಾಯಿ. ಕಾರು ಹಿಂದಕ್ಕೆ ಕುಕ್ಕರಗಾಲಿನಲ್ಲಿ ಕೂತಿತು. ನಾವೆಲ್ಲ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕೆವು.

ಅತ್ತಿಗೆ ಬೆಳಗಿನಿಂದ ಎರಡು ಸಲ ವಾಂತಿ ಮಾಡಿದ್ದಳಂತೆ. ಯಾರಿಗೂ ಹೇಳಲಿಲ್ಲ. ಊಟವೆಲ್ಲ ಮುಗಿದು ಮೇಡಮ್‌ಗೆ ಅರಿಶಿನ ಕುಂಕುಮ ಕೊಡುವ ಹೊತ್ತಿಗೆ, ಮನೆಯೊಡತಿ ತಾನೇ ಕೊಡಬೇಕೆಂದು ತಟ್ಟೆ ಹಿಡಿದು ಹೊರಗೆ ಬಂದಳು. ರಕ್ತ ಕೇಳುವ ಕಾಲ ಮುಗಿಯಿತಲ್ಲ, ಇನ್ನೇನು ಭಯ ಎಂದು ಅವಳ ಮುಖದಲ್ಲಿ ಸಣ್ಣ ನಗೆ ಕೂಡ ಇತ್ತು. ಮೇಡಮ್ ಅಭ್ಯಾಸದಂತೆ ಅವಳ ಕೈ ಹಿಡಿದುಕೊಂಡರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಗು ಹಾಗೇ ಇದ್ದು, ಕಣ್ಣುಗಳು ಮಾತ್ರ ಬದಲಾದವು. ಬೆರಳುಗಳು ಅತ್ತಿಗೆಯ ಮಣಿಕಟ್ಟಿಗೆ ಜಾರಿ ನಾಡಿ ಹುಡುಕಿದವು. "ಯಾಕಮ್ಮಾ ಇಷ್ಟು ತಣ್ಣಗಿದ್ದೀಯ?" ಎಂದರು.

"ಚಳಿಗಾಲ ಅಲ್ವಾ ಮೇಡಮ್" ಎಂದಳು ಅತ್ತಿಗೆ. ಅಷ್ಟೇ. ಮೊಣಕಾಲು ಮಡಚಿ, ತಟ್ಟೆಸಮೇತ, ಒಣಗಲು ಹಾಕಿದ ಸೀರೆ ತಂತಿಯಿಂದ ಜಾರಿದಂತೆ ಸದ್ದಿಲ್ಲದೆ ಕುಸಿದಳು. ತಟ್ಟೆಯ ಕುಂಕುಮವೆಲ್ಲ ಮೇಡಮ್‌ರ ಬಿಳಿ ಸೀರೆಯ ಮೇಲೆ, ನೆಲದ ಮೇಲೆ, ಅತ್ತಿಗೆಯ ಮಡಿಲ ಮೇಲೆ.

ಶೆಡ್ಡಿನಿಂದ ಓಡಿಬಂದ ಅಣ್ಣ ಹೊಸಿಲಲ್ಲೇ ನಿಂತುಬಿಟ್ಟ. ಆ ಕೆಂಪನ್ನೇ ನೋಡುತ್ತಾ, "ಅವತ್ತೂ ಹಿಂಗೇ... ಅವತ್ತೂ ಹಿಂಗೇ ಇತ್ತು" ಎಂದ.

ಮೇಡಮ್ ತಲೆಯೆತ್ತಿದರು. "ಅವತ್ತು ಅಂದ್ರೆ ಯಾವತ್ತು?"

"ಚಿಕ್ಕೋನು ಹುಟ್ಟಿದ್ ದಿನ. ಮಂಚದ ಕೆಳಗೆಲ್ಲ ರಕ್ತ ಮೇಡಮ್. ಉಳಿಯಲ್ಲ ಅಂದಿದ್ರು."

"ಆಮೇಲೆ ಎದೆಹಾಲು ಬಂತಾ?"

ಎದುರುಮನೆ ಅಕ್ಕ ಹೇಳಿದಳು, "ಒಂದ್ ತೊಟ್ಟೂ ಬರ್ಲಿಲ್ಲ. ಹಸುವಿನ ಹಾಲಲ್ಲೇ ಸಾಕಿದ್ದು."

"ಮುಟ್ಟು?"

"ಆಗ್ಲೇ ಇಲ್ಲ. ತಿಂಗ್ಳು ತಿಂಗ್ಳು ಕಾಟ ತಪ್ತಲ್ಲ, ನೀನೇ ಪುಣ್ಯವಂತೆ ಅಂತಿದ್ವಿ."

"ಈಗ ಏನಾದ್ರೂ ಮಾತ್ರೆ ತಗೋತಿದ್ದಾಳಾ?"

ಅಕ್ಕ ಅತ್ತಿಗೆಯ ಸೆರಗು ಸರಿಮಾಡತೊಡಗಿದಳು. ಮೇಡಮ್ ಇನ್ನೊಮ್ಮೆ ಕೇಳಿದರು, ಈ ಸಲ ಅವಳ ಕಡೆ ತಿರುಗಿ. "ನಂಗೆ ಡೋಸು ಬದಲಾಯಿಸಿದ್ರಲ್ಲ, ಹಳೇ ಬಾಟ್ಲಿ ಉಳ್ದಿತ್ತು. ಸುಸ್ತು, ಚಳಿ, ಮೈಯೆಲ್ಲ ಭಾರ ಅಂತಿದ್ಲು. ನಂಗೂ ಹಂಗೇ ಇತ್ತಲ್ವಾ ಮೇಡಮ್ಮೋರೆ. ಯುಗಾದಿಗೆ ಸ್ವೆಟರ್ ಬಿಡ್ತೀಯಾ ನೋಡು ಅಂತ ಕೊಟ್ಟೆ."

"ಥೈರಾಯ್ಡ್ ಮಾತ್ರೆ."

"ಹೂಂ."

ಮೇಡಮ್ ನನ್ನ ಕಡೆ ನೋಡಿ ಎರಡೇ ಶಬ್ದ ಹೇಳಿದರು. "ನನ್ನ ಡಬ್ಬಿ."

ಓಡಿದೆ. ಕಾರಿನ ಬಾಗಿಲು ತೆಗೆದರೆ ಚೀಲವೆಲ್ಲಿ? ಮೂಟೆ, ಮೂಟೆಯ ಮೇಲೆ ಮೂಟೆ! ಅಣ್ಣ ಬಂದ, ಅಕ್ಕ ಬಂದಳು, ಬೀದಿಯೆಲ್ಲ ಬಂತು. ಪ್ರೀತಿಯಿಂದ ತುಂಬಿದ್ದನ್ನೆಲ್ಲ ಕೈಗೆ ಸಿಕ್ಕಿದಂತೆ ಕಿತ್ತು ಬೀದಿಗೆಸೆದೆವು. ರಾಗಿ ಚೀಲ ಒಡೆಯಿತು. ಅವರೆಕಾಯಿ ಚರಂಡಿಯವರೆಗೂ ಚೆಲ್ಲಿತು. ಚಕ್ಕೋತಗಳು ಇಳಿಜಾರಿನಲ್ಲಿ ಒಂದರ ಹಿಂದೊಂದು ಉರುಳಿಕೊಂಡು ಹೋದವು. ಕುಂಬಳಕಾಯಿಯನ್ನು ನಾನು ಎತ್ತಿದೆ. ಅದರ ಕೆಳಗೆ ಬಾಳೆಗೊನೆ, ಅದರ ಕೆಳಗೆ ಕೈಚೀಲದ ಹಿಡಿ. ಅಣ್ಣ ಎಳೆದ, ಹಿಡಿ ಕಿತ್ತುಬಂತು. ಮತ್ತೆ ಕೈ ಹಾಕಿ ಚೀಲವನ್ನೇ ತಬ್ಬಿ ತೆಗೆದ. ಅದನ್ನು ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದೇನೋ! ಪ್ರತಿ ಸಲವೂ ಮೂಟೆಗಳು ಇನ್ನೂ ಒಂದು ಹೆಚ್ಚಾಗಿರುತ್ತವೆ, ಕುಂಬಳಕಾಯಿ ಇನ್ನೂ ಭಾರವಾಗಿರುತ್ತದೆ.

ಮೇಡಮ್ ನೆಲದ ಮೇಲೇ ಕೂತು ಡಬ್ಬಿ ತೆರೆದರು. ಔಷಧ ಕಲಸಿ, ಸಿರಿಂಜಿಗೆ ಎಳೆದು, ಸೀರೆಯನ್ನು ಮೇಲೆ ಸರಿಸಿ, ಅತ್ತಿಗೆಯ ತೊಡೆಗೆ ಚುಚ್ಚಿದರು. ಆಮೇಲೆ ಅವಳನ್ನೆತ್ತಿ ಖಾಲಿಯಾದ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಣ್ಣ ಕಾರು ಓಡಿಸಿದ, ನಾನು ಅವನ ಪಕ್ಕ ಕೂತೆ. ರೈಲ್ವೆ ಗೇಟು ತೆರೆದಿತ್ತು. ಈಗಲೂ ಆ ಗೇಟಿನ ಹತ್ತಿರ ಹೋದಾಗೆಲ್ಲ, ಅವತ್ತು ಹಾಕಿದ್ದರೆ ಎಂದುಕೊಳ್ಳುತ್ತೇನೆ. ಮೇಡಮ್ ದಾರಿಯುದ್ದಕ್ಕೂ ಅವಳ ಕೈ ಬಿಡದೆ ಮಾತಾಡಿಸುತ್ತಿದ್ದರು: "ಇಲ್ಲಿ ನೋಡಮ್ಮ. ಪಾಯಸಕ್ಕೆ ಏಲಕ್ಕಿ ಹಾಕಿದ್ದೆಯಾ? ಹೇಳು. ಎಷ್ಟು ಹಾಕಿದೆ?"

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ನನ್ನನ್ನು ತಡೆದ. "ಏನಮ್ಮಾ ಇದು?"

"ನಮ್ಮತ್ತಿಗೆ" ಎಂದು ಒಳಗೆ ಕೈ ತೋರಿಸಿದೆ.

"ಅಲ್ಲಮ್ಮ, ಇದು."

ಕೆಳಗೆ ನೋಡಿಕೊಂಡೆ. ಮನೆಯಿಂದ ಅಲ್ಲಿಯವರೆಗೂ ಆ ಕುಂಬಳಕಾಯಿಯನ್ನು ಮಗುವಿನಂತೆ ಅವುಚಿಕೊಂಡೇ ಬಂದಿದ್ದೆ. ಎಲ್ಲಿಡಬೇಕೆಂದು ತಿಳಿಯದೆ, ಅತ್ತಿಗೆಯ ಕೈಗೆ ಡ್ರಿಪ್ ಹಾಕುವಾಗ, ಸ್ಟೆರಾಯ್ಡಿನ ಇನ್ನೊಂದು ಸುತ್ತು ಕೊಡುವಾಗ, ರಕ್ತದೊತ್ತಡ ನೋಡಿ ನೋಡಿ ಮೇಡಮ್ ತಲೆಯಾಡಿಸುವಾಗ, ಎಲ್ಲದಕ್ಕೂ ಕುಂಬಳಕಾಯಿ ಹಿಡಿದೇ ನಿಂತಿದ್ದೆ.

ಕಾರಿಡಾರಿನಲ್ಲಿ ಮೇಡಮ್ ನಮಗೆ ಬಿಡಿಸಿ ಹೇಳಿದರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ತಲೆಯೊಳಗಿನ ಆ ಕಡಲೆಕಾಳಿಗೆ ರಕ್ತ ಸಾಲದೆ ಅದು ಸತ್ತುಹೋಗಬಹುದು. ಅದಕ್ಕೇ ಹಾಲು ಬರಲಿಲ್ಲ, ಮುಟ್ಟಾಗಲಿಲ್ಲ, ಚಳಿ ಬಿಡಲಿಲ್ಲ. ಇಷ್ಟು ವರ್ಷ ಅವಳ ಮೈ ಇದ್ದುದರಲ್ಲೇ ನಿಧಾನವಾಗಿ ನಡೆದುಕೊಂಡು ಬಂದಿತ್ತು. ಮೇಸ್ತ್ರಿಯಿಲ್ಲದ ಶೆಡ್ಡಿನಲ್ಲಿ ಒಂದು ಮಗ್ಗದ ವೇಗ ಮಾತ್ರ ಏರಿಸಿದರೆ ಏನಾಗುತ್ತದೆ? ಎಳೆಗಳೆಲ್ಲ ಹರಿಯುತ್ತವೆ. ಥೈರಾಯ್ಡ್ ಮಾತ್ರೆ ಮೈಯನ್ನು ಅವಸರಪಡಿಸಿತು, ಆ ಅವಸರವನ್ನು ತಡೆದುಕೊಳ್ಳುವ ಹಾರ್ಮೋನು ಮೈಯಲ್ಲಿ ಇರಲಿಲ್ಲ.

ಹಿಂದೆಯೇ ಆಟೋದಲ್ಲಿ ಬಂದಿದ್ದ ಎದುರುಮನೆ ಅಕ್ಕ ಗೋಡೆಗೊರಗಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಮೇಡಮ್ ಹೋಗಿ ಅವಳ ಪಕ್ಕ ಕೂತರು. "ಚೇತರಿಸಿಕೊಂಡ ಮೇಲೆ ಅವಳಿಗೆ ಥೈರಾಯ್ಡ್ ಮಾತ್ರೆಯನ್ನೂ ಕೊಡ್ತೀವಿ. ಆದ್ರೆ ಮೊದಲು ಸ್ಟೆರಾಯ್ಡ್, ಆಮೇಲೆ ಅದು."

ಅಕ್ಕ ಅಳು ನಿಲ್ಲಿಸಿದಳು. "ಹಂಗಾದ್ರೆ ನಾನ್ ಕೊಟ್ಟಿದ್ ಮಾತ್ರೆ ಸರೀನೇ?"

"ಮಾತ್ರೆ ಸರಿ. ಸರದಿ ತಪ್ಪು. ಇನ್ಮೇಲೆ ಯಾರಿಗಾದ್ರೂ ಕೊಟ್ಟರೆ ನಿನ್ನ ಕುಂಬಳಕಾಯಿ ನಿನ್ನ ತಲೆ ಮೇಲೇ ಒಡೀತೀನಿ."

ಸಂಜೆಯ ಹೊತ್ತಿಗೆ ಅತ್ತಿಗೆ ಕಣ್ಣು ಬಿಟ್ಟಳು. ಮೊದಲು ಡ್ರಿಪ್ ನೋಡಿದಳು, ಆಮೇಲೆ ನನ್ನ ತೋಳಲ್ಲಿದ್ದ ಕುಂಬಳಕಾಯಿ ನೋಡಿದಳು. "ಮೇಡಮ್‌ಗೆ ಕುಂಕುಮ ಕೊಡ್ಲೇ ಇಲ್ವಲ್ಲೇ" ಎಂದಳು.

ಮೇಡಮ್ ಎದ್ದು ನಿಂತು ತಮ್ಮ ಸೀರೆ ಹರಡಿ ತೋರಿಸಿದರು. ಸೆರಗಿನಿಂದ ಅಂಚಿನವರೆಗೂ ಕೆಂಪು. "ಹಣೆಗೆ ಮಾತ್ರ ಇಡೋದು ಬಾಕಿ" ಎಂದರು. ಅತ್ತಿಗೆ ನಕ್ಕಳು. ಅಣ್ಣ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಕಾವಲಿನವನು ಅವನಿಗೆ ಟೀ ತರಿಸಿಕೊಟ್ಟ.

ಆಮೇಲಿನದನ್ನು ಹೇಗೆ ಬರೆಯಲಿ! ಮಾರನೆಯ ಬೆಳಿಗ್ಗೆ ಅವಳು, "ಹಸಿವಾಗ್ತಿದೆ ಕಣೇ, ಏನಾದ್ರೂ ಖಾರವಾಗಿ ತಿನ್ನಬೇಕು" ಎಂದಳು. ಹಸಿವೆಯೆಂಬ ಮಾತನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಮನೆಗೆ ಬಂದು, ವಾರಗಳು ಕಳೆದಂತೆ, ಸ್ಟೆರಾಯ್ಡ್ ಮಾತ್ರೆಯ ಜೊತೆಗೆ ಥೈರಾಯ್ಡ್ ಮಾತ್ರೆಯೂ ಸೇರಿದ ಮೇಲೆ, ನಮ್ಮ ಮನೆಯೊಳಗೆ ಹೊಸಬಳೊಬ್ಬಳು ಬಂದಂತಾಯಿತು. ಅವಳು ಜೋರಾಗಿ ಮಾತಾಡುತ್ತಾಳೆ! ಹಾಡು ಗುನುಗುತ್ತಾಳೆ! ಹಿತಕಿದ ಬೇಳೆಯನ್ನು ಒಂದು ಹೊತ್ತೆಲ್ಲ ಕೂತು ಬಿಡಿಸುತ್ತಿದ್ದವಳು ಈಗ ಪಟಪಟ ಹಿತುಕುತ್ತಾ, ಕಾಳು ನನ್ನ ಮುಖಕ್ಕೆ ಹಾರಿಸುತ್ತಾ, ಸಿನಿಮಾ ಕಥೆ ಹೇಳುತ್ತಾಳೆ. ಒಂದು ದಿನ ಸ್ವೆಟರ್ ಬಿಚ್ಚಿ ಹಗ್ಗಕ್ಕೆ ಹಾಕಿದಳು, ಬೀದಿಯ ಹೆಂಗಸರೆಲ್ಲ ಬಂದು ನೋಡಿಹೋದರು. ಅಣ್ಣನಿಗಂತೂ ಮದುವೆಯಾದ ಹೊಸತರ ಮುಖ. "ಸಾಧು ಅಂದ್ಕೊಂಡು ಇಷ್ಟ್ ದಿನ ಹೆಂಗೋ ಬದ್ಕಿದ್ದೆ ಗುರು, ಈಗ ದಿನಾ ಬೈಸ್ಕೋತೀನಿ" ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಆ ಸ್ಟೆರಾಯ್ಡ್ ಮಾತ್ರೆಯನ್ನು ಅವಳು ಒಂದು ದಿನವೂ ತಪ್ಪಿಸುವಂತಿಲ್ಲ, ಜ್ವರ ಬಂದರೆ ಹೆಚ್ಚು ತೆಗೆದುಕೊಳ್ಳಬೇಕು, ಸಾಯುವವರೆಗೂ. ಅದು ಅವಳಿಗೆ ಚೆನ್ನಾಗಿ ಗೊತ್ತಿದೆ. ಜಗಲಿಯ ಮೇಲೆ ಕೂತು ಬೀದಿಗೇ ಹೇಳುತ್ತಾಳೆ: "ಹೆಪ್ಪು ಬೇಕಾ, ಬನ್ನಿ. ಉಪ್ಪು ಬೇಕಾ, ಬನ್ನಿ. ಮಾತ್ರೆ ಕೇಳ್ಕೊಂಡ್ ಬಂದ್ರೆ ಮಾತ್ರ ಕೈ ಮುರ್ದು ಕಳಿಸ್ತೀನಿ."

ಮೇಡಮ್ ನಿವೃತ್ತಿಯನ್ನು ಮರೆತೇಬಿಟ್ಟರು. ಆಸ್ಪತ್ರೆಯ ಆ ಸಂಜೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಇಷ್ಟು ವರ್ಷ ನಾನು ನೋಡಿದ್ದೆಲ್ಲ ಹೊರಗೆ ಬಂದವರನ್ನು. ನನಗೆ ಬೇಕಾಗಿದ್ದವರು ಬಾಗಿಲ ಹಿಂದೆ ನಿಂತಿದ್ದರು." ಈಗ ವಾರಕ್ಕೊಮ್ಮೆ ಅದೇ ಹಳೇ ಕಾರಿನಲ್ಲಿ ಬರುತ್ತಾರೆ. ಹಿಂದೆ ರಕ್ತ ಕೊಡಲು ಒಪ್ಪದವರ ಮನೆಗಳಿಗೆ ಹೋಗುತ್ತೇವೆ, ಅವರು, ನಾನು, ಅತ್ತಿಗೆ. ಬಾಗಿಲು ತಟ್ಟುವವಳು ಅತ್ತಿಗೆ.

ಹೋದ ವಾರ ಘಾಟಿ ಸುಬ್ರಹ್ಮಣ್ಯದ ಕಡೆ ಒಂದು ಮನೆ. ಸುಡುಬಿಸಿಲು. ಬಾಗಿಲ ಸಂದಿಯಲ್ಲಿ ಉಣ್ಣೆ ಶಾಲು ಹೊದ್ದ ಒಂದು ಬಿಳಿಚಿದ ಮುಖ. "ರಕ್ತ ಗಿಕ್ತ ಕೊಡಲ್ಲಮ್ಮ" ಎಂದಿತು ಮುಖ.

"ಯಾರ್ ಕೇಳ್ದೋರು?" ಎಂದಳು ಅತ್ತಿಗೆ. "ನಾನೂ ಹಿಂಗೇ ಬಾಗ್ಲು ಹಿಂದೆ ನಿಂತಿದ್ದೋಳು ಕಣಕ್ಕ. ರಕ್ತ ಬೇಡ. ಕೈ ಕೊಡು ಸಾಕು."

ಸಂದಿಯಿಂದ ಒಂದು ಕೈ ನಿಧಾನವಾಗಿ ಹೊರಬಂತು. ಅತ್ತಿಗೆ ಹಿಡಿದುಕೊಂಡಳು. ತಿರುಗಿ ಮೇಡಮ್ ಮುಖ ನೋಡಿದಳು. "ತಣ್ಣಗಿದೆ" ಎಂದಳು.

ನಾನು ಅಲ್ಲಿ ನಿಲ್ಲಲಿಲ್ಲ, ಕಾರಿನ ಕಡೆ ಓಡಿದೆ. ಬಾಗಿಲು ತೆಗೆದು ನೋಡಿದೆ. ಡಬ್ಬಿ ಮುಂದಿನ ಸೀಟಿನ ಮೇಲೆ ನಾನಿಟ್ಟಲ್ಲೇ ಇತ್ತು, ಅದರ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ಮಾತ್ರ, ನಾವು ಬಂದು ಹೆಚ್ಚು ಹೊತ್ತೂ ಆಗಿರಲಿಲ್ಲ, ಆ ಊರಿನ ಯಾರೋ ಆಗಲೇ ಒಂದು ಕುಂಬಳಕಾಯಿ ತಂದಿಟ್ಟು ಹೋಗಿದ್ದರು. ಅದನ್ನೆತ್ತಿ ಕೆಳಗೆ, ಕಾಲಿಡುವ ಜಾಗದಲ್ಲಿಟ್ಟು, ಡಬ್ಬಿ ತೆಗೆದುಕೊಂಡು ವಾಪಸು ಓಡಿದೆ. ನಗು ತಡೆಯಲಾಗುತ್ತಿರಲಿಲ್ಲ.